ಇಳಿಜಾರಿನ ಮೈಲೇಜು

"ಬಾಯಿ ತೆಗಿಯೋ ಬೋಳಿಮಗನೆ. ಇನ್ನೂ ಅಗಲ. ನಿಮ್ಮಪ್ಪನ ಗಂಟೇನೂ ಉದುರಿ ಹೋಗಲ್ಲ, ತೆಗಿ!"

ನಿಧಾನಪ್ಪ ಬಾಯಿ ತೆಗೆದ. ಮೂಗುದೊರೆ ತನ್ನ ಉದ್ದ ಮೂಗನ್ನು ಅವನ ಹಲ್ಲಿನ ಹತ್ತಿರಕ್ಕೆ ತಂದು, ಕಣ್ಣು ಮುಚ್ಚಿ ಒಂದು ಸಲ ಮೂಸಿದ. ಸಾಲದೆಂಬಂತೆ ಇನ್ನೊಂದು ಸಲ ಮೂಸಿದ. ಈ ಮನುಷ್ಯ ಲಾರಿ ಅಂಗಳದ ಸೂಪರ್‌ವೈಸರ್. ಟಯರು ನೋಡುವುದು, ಗಾಡಿ ಕಳಿಸುವುದು ತನ್ನ ಕೆಲಸವೆಂದು ಹೇಳಿಕೊಳ್ಳುತ್ತಿದ್ದನಾದರೂ, ದಿನವಿಡೀ ಮಾಡುತ್ತಿದ್ದದ್ದು ಇದೊಂದೇ: ಗೇಟಿನೊಳಗೆ ಬಂದ ಪ್ರತಿ ಡ್ರೈವರನ ಬಾಯಿ ಮೂಸುವುದು. ಟ್ಯಾಂಕಿಗೆ ಪೈಪು ಬಿಟ್ಟು ಡೀಸೆಲ್ ಕದಿಯುವವನು ಮೊದಲು ಬಾಯಲ್ಲಿ ಎಳೆಯಲೇಬೇಕು, ಎಳೆದವನ ಬಾಯಿ ನಾರಲೇಬೇಕು ಎಂಬುದು ಧಣಿ ಕಂಡುಹಿಡಿದ ಉಪಾಯ. ಸೂಪರ್‌ವೈಸರನಿಗೆ ಮೂಗುದೊರೆ ಎಂದು ಹೆಸರಿಟ್ಟವರು ಡ್ರೈವರುಗಳು. ಎದುರಿಗೆ ಮಾತ್ರ ಎಲ್ಲರೂ ಸಾರ್ ಎನ್ನುತ್ತಿದ್ದರು.

ಹೊಸ ಡೀಸೆಲ್ ಬಂದ ಮೇಲೆ ಪಾಪ, ಮೂಗುದೊರೆಗೂ ಕಷ್ಟಕ್ಕಿಟ್ಟುಕೊಂಡಿತ್ತು. ಗಂಧಕ ತೆಗೆದ ಡೀಸೆಲ್ಲಂತೆ. ಹಳೆಯದರ ಹಾಗೆ ಗಂಟಲು ಸುಡುವ ಘಾಟಿಲ್ಲ, ಕಣ್ಣುರಿಸುವ ಕರಿ ಹೊಗೆಯಿಲ್ಲ. ವಾಸನೆ ಕಡಿಮೆಯಾದಷ್ಟೂ ಮೂಗು ಬಾಯಿಗೆ ಹತ್ತಿರವಾಗುತ್ತಿತ್ತು. ಈಗೀಗ ಅವನ ಮೀಸೆ ಡ್ರೈವರುಗಳ ತುಟಿಗೇ ತಾಗುತ್ತಿತ್ತು.

"ಇದೆ ಧಣಿ," ಎಂದು ಮೂಗುದೊರೆ ತಿರುಗಿದ. "ಇವನ ಬಾಯಲ್ಲಿದೆ."

ಧಣಿ ಆಫೀಸಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಿಳಿ ಪ್ಯಾಂಟು, ಬಿಳಿ ಶರ್ಟು. ಎಣ್ಣೆ, ಗ್ರೀಸು, ಕೆಸರಿನ ಆ ಅಂಗಳದಲ್ಲಿ ಬಿಳಿ ಬಟ್ಟೆ ಹಾಕಿಕೊಂಡು ಕೊಳೆಯಾಗದೆ ಇರುತ್ತಿದ್ದವನು ಅವನೊಬ್ಬನೇ.

"ಇರುತ್ತೆ ಧಣಿ, ಇಲ್ಲ ಅನ್ನಲ್ಲ," ಎಂದ ನಿಧಾನಪ್ಪ. "ಪಂಪಿನ ಸೀಲು ಸೋರ್ತಾ ಇದೆ. ಗಾಳಿ ಹಿಡ್ಕೊಂಡು ಗಾಡಿ ಅರ್ಧ ದಾರೀಲಿ ನಿಂತೋಯ್ತು. ಪೈಪ್ ಬಿಚ್ಚಿ ಬಾಯಲ್ಲಿ ಎಳೆದು ಡೀಸೆಲ್ ಬರಿಸ್ದೆ. ಇಲ್ದಿದ್ರೆ ಲೋಡ್ ಸಮೇತ ಅಲ್ಲೇ ಕೂತಿರ್ಬೇಕಿತ್ತು."

"ಎಳೆದೋನು ಉಗುಳಿದ್ಯೋ, ಕ್ಯಾನಿಗೆ ಬಿಟ್ಕೊಂಡ್ಯೋ?"

"ಉಗುಳಿದೆ ಧಣಿ."

"ನನ್ನ ಡೀಸೆಲ್ ಉಗುಳಿದ್ನಂತೆ, ಕೇಳ್ರೋ! ಎಷ್ಟು ಕೊಬ್ಬು ನನ್ಮಗನಿಗೆ!"

ಸಾಲಿನಲ್ಲಿ ನಿಂತಿದ್ದ ಒಂದಿಬ್ಬರು ನಕ್ಕರು. ನಗದೆ ಇದ್ದರೆ ತಮ್ಮ ಬಾಯಿಯನ್ನೂ ಹೆಚ್ಚು ಹೊತ್ತು ಮೂಸುತ್ತಾರೆಂಬ ಭಯ.

ಆಫೀಸಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ನಾಲ್ಕು ಎಂದು ಬರೆದಿತ್ತು. ಲೀಟರಿಗೆ ನಾಲ್ಕು ಕಿಲೋಮೀಟರ್. ಖಾಲಿ ಗಾಡಿಯಲ್ಲಿ ಗುಡ್ಡ ಹತ್ತಿ, ಕ್ವಾರಿಯಲ್ಲಿ ಕಲ್ಲು ತುಂಬಿಸಿಕೊಂಡು ಇಳಿದು, ಕೆಳಗಿನ ಕಾರ್ಖಾನೆಯಲ್ಲಿ ಸುರಿಯಬೇಕು. ಅಷ್ಟೂ ಓಟದಲ್ಲಿ ನಾಲ್ಕು ಬರಬೇಕು. ಬರದವನಿಗೆ ಸ್ಟೇರಿಂಗ್ ಇಲ್ಲ, ಅವನು ಗುಂಡಿಗೆ. ಗುಂಡಿಯೆಂದರೆ ಲಾರಿಯನ್ನು ಮೇಲೆ ನಿಲ್ಲಿಸಿ ಕೆಳಗಿನಿಂದ ರಿಪೇರಿ ಮಾಡಲು ಅಂಗಳದ ಮೂಲೆಯಲ್ಲಿ ತೋಡಿದ್ದ ಉದ್ದನೆಯ ಹಳ್ಳ. ಅದರೊಳಗಿಳಿದು ಎಣ್ಣೆಯ ಕೊಳೆ ಕೆರೆಯಬೇಕು, ಮೇಲಿನಿಂದ ತೊಟ್ಟಿಕ್ಕುವುದನ್ನೆಲ್ಲ ತಲೆಗೆ ಬೀಳಿಸಿಕೊಳ್ಳಬೇಕು. ಹಳೆಯ ಡ್ರೈವರುಗಳು ಅಲ್ಲಿಳಿದು ಕೆಮ್ಮುತ್ತ ಮುದುಕರಾದದ್ದನ್ನು ನಿಧಾನಪ್ಪ ನೋಡಿದ್ದ. ಅಲ್ಲಿಂದ ಮೇಲೆ ಬಂದು ಸ್ಟೇರಿಂಗ್ ಹಿಡಿದವನು ಒಬ್ಬನೇ, ರಾಕೆಟ್. ಅವನು ನಿಧಾನಪ್ಪನ ಹೆಂಡತಿಯ ತಮ್ಮ.

"ರಾಕೆಟ್, ಬಾರೋ ಇಲ್ಲಿ," ಎಂದ ಧಣಿ. ರಾಕೆಟ್ ಸಾಲಿನಿಂದ ಹೊರಗೆ ಬಂದು ನೆಲ ನೋಡುತ್ತ ನಿಂತ. "ನೋಡೋ ಇವನ್ನ. ನಿನ್ನ ಹೆಂಡ್ತಿ ತಮ್ಮ. ಅದೇ ಡೀಸೆಲ್ಲು, ಅದೇ ರೋಡು, ಅದೇ ಕಲ್ಲು. ನಾಲ್ಕೂವರೆ ಕೊಡ್ತಾನೆ. ನೀನು ನಾಲ್ಕು ಕೊಡೋಕೆ ಮುಕ್ಕರೀತೀಯ. ಈ ತಿಂಗಳು ನೋಡ್ತೀನಿ. ಆಗಲಿಲ್ವಾ, ಗುಂಡಿಗಿಳಿ. ನಿನ್ನ ಗಾಡೀನೂ ಇವನಿಗೇ ಕೊಟ್ಟುಬಿಡ್ತೀನಿ."

ರಾಕೆಟ್ ಭಾವನ ಮುಖ ನೋಡಲಿಲ್ಲ. ಅವನ ಬಾಯಿಯನ್ನು ಮೂಗುದೊರೆ ಮೂಸಲೂ ಇಲ್ಲ.

*

ಆ ವಾರವೇ ಎಣ್ಣೆ ಕಂಪನಿಯ ಇಂಜಿನಿಯರ್ ಒಬ್ಬರು ಅಂಗಳಕ್ಕೆ ಬಂದರು. ಹೊಸ ಡೀಸೆಲ್ ಬಗ್ಗೆ ಲಾರಿ ಮಾಲೀಕರಿಗೆಲ್ಲ ತಿಳಿವಳಿಕೆ ಕೊಡುತ್ತ ಊರೂರು ಸುತ್ತುತ್ತಿದ್ದವರು. ಧಣಿ ಅವರನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಚಹಾ ತರಿಸಿದ. ಡ್ರೈವರುಗಳು ಟಯರ್ ರಾಶಿಯ ಹತ್ತಿರ ನಿಂತು ಕೇಳಿಸಿಕೊಂಡರು.

"ಗಂಧಕ ತೆಗೆದಿರೋದರಿಂದ ಹೊಗೆ ಕಡಿಮೆ, ಗಾಳಿಗೆ ಒಳ್ಳೇದು, ಮಕ್ಕಳ ಎದೆಗೂ ಒಳ್ಳೇದು," ಎಂದರು ಇಂಜಿನಿಯರ್. ಒಳ್ಳೆಯ ಮನುಷ್ಯನೇ, ಡ್ರೈವರುಗಳ ಕಡೆಗೂ ಆಗಾಗ ನೋಡಿ ಮಾತಾಡುತ್ತಿದ್ದರು. "ಆದರೆ ಗಂಧಕ ತೆಗೆಯುವಾಗ ಡೀಸೆಲ್ಲಿನ ಕಸುವೂ ಒಂದಿಷ್ಟು ತಗ್ಗುತ್ತೆ. ನೂರಕ್ಕೆ ಒಂದೋ ಎರಡೋ ಪಾಲು ಮೈಲೇಜು ಕಡಿಮೆ ಬರಬಹುದು. ಹೊಸ ಗಾಡಿಗಳಿಗೆ ತೊಂದರೆ ಇಲ್ಲ. ತಲೆನೋವು ಹಳೇ ಗಾಡಿಗಳದ್ದು. ಪಂಪಿನೊಳಗಿರೋ ರಬ್ಬರ್ ಸೀಲು ವರ್ಷಗಟ್ಟಲೆ ಹಳೇ ಡೀಸೆಲ್ ಕುಡಿದು ಉಬ್ಬಿರುತ್ತೆ. ಹೊಸದು ಬಿದ್ದ ಮೇಲೆ ಕುಗ್ಗಿಬಿಡುತ್ತೆ, ಸೋರೋಕೆ ಶುರುವಾಗುತ್ತೆ. ಗಾಳಿ ಹಿಡಿದು ಗಾಡಿ ನಿಲ್ಲುತ್ತೆ, ಡೀಸೆಲ್ಲೂ ಹಾಳು. ಸೀಲುಗಳನ್ನ ಒಂದು ಸಲ ಬದಲಾಯಿಸಿಬಿಡಿ, ಸರಿಹೋಗುತ್ತೆ."

"ನಮ್ಮದೆಲ್ಲಾ ಹೊಸಾ ಸೀಲೇ ಸಾರ್," ಎಂದ ಧಣಿ, ಕಣ್ಣು ಮಿಟುಕಿಸದೆ.

ನಿಧಾನಪ್ಪನಿಗೆ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿತ್ತು. ಓದಿದವರು, ಕಾರಿನಲ್ಲಿ ಬಂದವರು, ತಾನು ಹೇಳಿದ ಮಾತನ್ನೇ ಹೇಳುತ್ತಿದ್ದಾರೆ. ಅವನಿಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ.

"ಕೇಳಿದ್ರಾ ಧಣಿ? ನಾನೂ ಅದನ್ನೇ ಅಲ್ವಾ ಅಂದಿದ್ದು! ನನ್ನ ಗಾಡೀಲಿ ಸೀಲು ಬದಲಾಯಿಸೇ ಇಲ್ಲ ಸಾರ್. ದಿನಾ ಸೋರುತ್ತೆ."

ಇಂಜಿನಿಯರ್ ಧಣಿಯ ಮುಖ ನೋಡಿದರು. ಧಣಿ ನಕ್ಕ. "ವಯಸ್ಸಾಯ್ತು ಸಾರ್ ಅವನಿಗೆ. ಏನೇನೋ ಮಾತಾಡ್ತಾನೆ. ಚಹಾ ಆರಿಹೋಗುತ್ತೆ, ತಗೊಳ್ಳಿ."

ಕಾರು ಗೇಟು ದಾಟುವವರೆಗೂ ಧಣಿ ಕೈ ಬೀಸಿದ. ಧೂಳು ಅಡಗಿದ ಮೇಲೆ ನಿಧಾನವಾಗಿ ಮೆಟ್ಟಿಲಿಳಿದು ಬಂದು, ಲಾರಿಯ ಬಂಪರಿನ ಮೇಲಿದ್ದ ಒರೆಸುವ ಬಟ್ಟೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಮೂಗುದೊರೆಗೆ ಕೊಟ್ಟ. "ಅದ್ದು," ಎಂದ. ಮೂಗುದೊರೆ ಅದನ್ನು ಡೀಸೆಲ್ ಡಬ್ಬಿಯಲ್ಲಿ ಅದ್ದಿದ.

"ಸೋರ್ತಾ ಇರೋದು ಪಂಪಲ್ಲ ಕಣೋ," ಎಂದ ಧಣಿ. "ಈ ಸೂಳೆಮಗನ ಬಾಯಿ. ಇದಕ್ಕೆ ಮೊದಲು ಸೀಲ್ ಹಾಕು."

ಇಬ್ಬರು ತೋಳು ಹಿಡಿದುಕೊಂಡರು. ಅವರೂ ಡ್ರೈವರುಗಳೇ, ನಿನ್ನೆ ಅವನ ಬೀಡಿಯಿಂದಲೇ ಬೆಂಕಿ ಹಚ್ಚಿಕೊಂಡವರು. ಮೂಗುದೊರೆ ಬಟ್ಟೆಯನ್ನು ಉಂಡೆ ಮಾಡಿ ನಿಧಾನಪ್ಪನ ಬಾಯಿಗೆ ತುರುಕಿದ. ಕಣ್ಣಲ್ಲಿ ನೀರು ಬಂತು. ಧಣಿ ಮತ್ತೆ ಹೋಗಿ ಕೂತು ಉಳಿದ ಚಹಾ ಕುಡಿದು ಮುಗಿಸುವವರೆಗೆ ಅವನು ಅಂಗಳದ ನಡುವೆ ಹಾಗೆಯೇ ನಿಂತಿರಬೇಕಾಯಿತು. ಇಪ್ಪತ್ತು ವರ್ಷದಿಂದ ಆ ಗಾಡಿ ಓಡಿಸಿದವನು, ಒಂದು ನಾಯಿಯನ್ನೂ ಗಾಲಿಗೆ ಸಿಕ್ಕಿಸದವನು. ಅವನಿಗೆ ಆ ಹೊತ್ತು ಸತ್ತುಹೋಗಬೇಕು ಅನ್ನಿಸಿತು.

*

ಅಂಗಳದ ಹಿಂಭಾಗದ ಗೋಡೆಗೆ ಒರಗಿಕೊಂಡಂತೆ ಡ್ರೈವರುಗಳ ಮನೆಗಳ ಸಾಲು. ಒಂದೊಂದು ಕೋಣೆ, ಒಂದೊಂದು ಕಿಟಕಿ. ನಿಧಾನಪ್ಪನ ಹೆಂಡತಿ ಬಾಗಿಲಲ್ಲಿ ಕೂತು ಟಾರ್ಪಾಲ್ ಹೊಲಿಯುತ್ತಿದ್ದಳು. ಅಂಗಳದ ಲಾರಿಗಳ ಹರಿದ ಟಾರ್ಪಾಲುಗಳಿಗೆಲ್ಲ ತೇಪೆ ಹಾಕುವುದು ಅವಳ ಕೆಲಸ. ದಬ್ಬಣ ಹಿಡಿದು ಹಿಡಿದು ಅವಳ ಹೆಬ್ಬೆರಳು ಬೆಣಚುಕಲ್ಲಿನಂತೆ ಗಟ್ಟಿಯಾಗಿತ್ತು.

"ಏನ್ರೀ ಇದು, ತುಟಿಯೆಲ್ಲಾ ಸುಲಿದು ಹೋಗಿದೆ?"

"ಧಣಿ ಸೀಲು ಹಾಕಿದ್ರು."

ಅವಳು ದಬ್ಬಣ ಬದಿಗಿಟ್ಟು ಎದ್ದಳು. ಒಳಗೆ ಹೋಗಿ ಒಂದು ಚೊಂಬು ನೀರು, ಚೂರು ಸೋಪು ತಂದಿಟ್ಟಳು. ಅವನು ಬಾಯಿ ಮುಕ್ಕಳಿಸುವುದನ್ನು ನೋಡುತ್ತ ಕೂತಳು. ಎಷ್ಟು ಮುಕ್ಕಳಿಸಿದರೂ ನಾಲಿಗೆಯ ಮೇಲಿನ ಜಿಡ್ಡು ಹೋಗಲೊಲ್ಲದು.

ಅಷ್ಟರಲ್ಲಿ ರಾಕೆಟ್ ಬಂದ. ಬಂದವನೇ ಟಾರ್ಪಾಲಿನ ಮೇಲೆ ಧೊಪ್ಪೆಂದು ಕೂತು, "ಭಾವಾ, ನಿಮ್ಮ ಬಾಯಿಗೆ ಬ್ರೇಕಿಲ್ಲ, ಗಾಡಿಗೆ ಬರೀ ಬ್ರೇಕೇ. ಉಲ್ಟಾ ಮಾಡ್ಕೊಳ್ಳಿ, ಎಲ್ಲ ಸರಿಹೋಗುತ್ತೆ," ಎಂದ.

"ಎದ್ದೇಳೋ ಮೇಲೆ, ಹೊಲಿಗೆ ಬಿಟ್ಕೊಳುತ್ತೆ," ಎಂದು ಅಕ್ಕ ಗದರಿದಳು. "ಮೊದಲು ನಿನ್ನ ಭಾವನಿಗೆ ನಾಲ್ಕು ತರೋದು ಹೇಗೆ ಅಂತ ಹೇಳ್ಕೊಡು. ನೀನು ತರ್ತೀಯಂತಲ್ಲ ನಾಲ್ಕೂವರೆ. ಇವರಿಗೇನು ದಾಡಿ?"

"ಅಕ್ಕಾ, ಅವರು ನಿಧಾನಪ್ಪ. ಎರಡನೇ ಗೇರು ಬಿಟ್ಟು ಮೇಲೆ ಹೋಗದೋರು."

"ಇಳಿಜಾರಲ್ಲಿ ಕಣೋ," ಎಂದ ನಿಧಾನಪ್ಪ. "ಲೋಡ್ ಗಾಡಿ ಇಳಿಸುವಾಗ ಮಾತ್ರ."

"ಅದೇ ಮತ್ತೆ! ಇಳಿಜಾರು ಪುಗಸಟ್ಟೆ ಸಿಗೋ ಡೀಸೆಲ್ಲು ಭಾವ. ಕ್ವಾರಿ ಗೇಟು ದಾಟಿದ ತಕ್ಷಣ ನ್ಯೂಟ್ರಲ್‌ಗೆ ಎಳೀರಿ, ಸ್ಟಾಪ್ ವೈರ್ ಎಳೆದು ಇಂಜಿನ್ ಮಲಗಿಸಿ. ಕೂತ್ಕೊಂಡು ಹಾಡು ಹೇಳಿ. ಕೆಳಗಿನ ಸೇತುವೆ ಬಂದಾಗ ಎಬ್ಬಿಸಿದ್ರಾಯ್ತು."

"ಬ್ರೇಕಿಗೆ ಗಾಳಿ ಎಲ್ಲಿಂದ ತರ್ತೀಯ? ಇಂಜಿನ್ ತಿರುಗಿದ್ರೆ ತಾನೆ ಗಾಳಿ ತುಂಬೋದು? ಒಂದೊಂದು ತಿರುವಿಗೆ ಒಂದೊಂದು ಸಲ ತುಳಿದ್ರೂ ಕೆಳಗೆ ಬರೋ ಹೊತ್ತಿಗೆ ಖಾಲಿ."

"ನೋಡ್ಕೊಂಡು ತುಳೀತೀನಿ."

ದಬ್ಬಣ ನಿಂತಿತು. ಲಾರಿಗಳ ಮಧ್ಯೆಯೇ ಹುಟ್ಟಿ ಬೆಳೆದ ಹೆಂಗಸಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಂಜಿನ್ ಬಂದ್ ಮಾಡಿ ಗುಡ್ಡ ಇಳಿಸ್ತೀಯೇನೋ ಮುಂಡೇದೆ?" ಎಂದವಳೇ ಕೈಗೆ ಸಿಕ್ಕ ಹಗ್ಗದ ತುದಿಯಿಂದ ತಮ್ಮನ ಬೆನ್ನಿಗೆ ಒಂದು ಬಿಟ್ಟಳು. ಅವನು ನಗುತ್ತ ತಪ್ಪಿಸಿಕೊಂಡ. ಇನ್ನೊಂದು ಬಿಟ್ಟಳು. ಅವನು ನಗು ನಿಲ್ಲಿಸಿದ.

"ಅಕ್ಕಾ, ನಾನು ಗುಂಡೀಲಿದ್ದೋನು. ಎಣ್ಣೆ ಇಳಿದೂ ಇಳಿದೂ ಈ ಕಿವಿ ಹೋಯ್ತು, ನಿಂಗೇ ಗೊತ್ತಲ್ಲ. ಮನೇಲಿ ಅವಳು ತುಂಬಿದ ಬಸುರಿ. ಮತ್ತೆ ಅಲ್ಲಿಗೆ ಇಳಿಯಲ್ಲ. ಕಣಿವೆಗೆ ಬೇಕಾದ್ರೆ ಇಳೀತೀನಿ."

"ಬಿಡ್ತು ಅನ್ನೋ!"

"ಬಿಡ್ತು, ಬಿಡ್ತು."

"ನಾಳೆಯಿಂದ ಗೇರಲ್ಲೇ ಇಳಿಸ್ತೀನಿ ಅನ್ನು."

"ಆಯ್ತಮ್ಮ ತಾಯಿ, ಗೇರಲ್ಲೇ." ಅಳುವ ಮಕ್ಕಳಿಗೆ ಹೇಳುವ ಹಾಗೆ ಹೇಳಿ ಎದ್ದು ಹೋದ. ಅವಳು ಅವನು ಹೋದ ದಾರಿಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, "ನೀವೂ ಹಂಗೆ ಮಾಡಿದ್ರೆ ನನ್ನ ಮೇಲೆ ಆಣೆ. ಗುಂಡಿಗಾದ್ರೂ ಇಳೀರಿ," ಎಂದಳು.

*

ನಿಧಾನಪ್ಪ ಖಾಲಿ ಗಾಡಿ ಹತ್ತಿಸುತ್ತಿದ್ದಾಗ ಮೊಣಕೈ ತಿರುವಿನಲ್ಲಿ ಜನ ಕಂಡರು. ಬಿಸಿಲು ನೆತ್ತಿಗೇರಿತ್ತು. ರಸ್ತೆ ತುಂಬ ಕಲ್ಲು ಚೆಲ್ಲಿತ್ತು, ತಡೆಗೋಡೆಯಲ್ಲಿ ಲಾರಿಯಷ್ಟೇ ಅಗಲದ ಬಾಯಿ ಬಿದ್ದಿತ್ತು. ಅವನು ಗಾಡಿ ನಿಲ್ಲಿಸಿದ. ಗಾಲಿಗೆ ಅಡ್ಡ ಕಲ್ಲು ಕೊಟ್ಟು ಓಡಿದ.

ಕ್ವಾರಿಯ ಆಳುಗಳು ರಾಕೆಟ್‌ನನ್ನು ಮೇಲೆ ತಂದು ಟಾರ್ಪಾಲಿನ ಮೇಲೆ ಮಲಗಿಸಿದ್ದರು. ಆ ಟಾರ್ಪಾಲಿನ ತೇಪೆ ಯಾರ ಕೈಯದೆಂದು ನಿಧಾನಪ್ಪನಿಗೆ ಗೊತ್ತಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಎದೆ ಮಾತ್ರ ಒಳಗೆ ಹೋಗಿತ್ತು. ನಿಧಾನಪ್ಪ ಅವನ ಕೆನ್ನೆ ತಟ್ಟಿ, "ಏಯ್, ಏಳೋ, ಅಕ್ಕ ಬೈತಾಳೆ," ಎಂದ. ಪಕ್ಕದವನು ಅವನ ಕೈ ಹಿಡಿದು ಈಚೆಗೆ ಎಳೆದುಕೊಂಡ.

ಆಮೇಲೆ ಅವನು ಬಂಡೆ ಹಿಡಿದುಕೊಂಡು ಕೆಳಗಿಳಿದು ಲಾರಿಯ ಹತ್ತಿರ ಹೋದ. ಗಾಲಿಗಳು ಮೇಲಾಗಿ ಬಿದ್ದಿತ್ತು. ಕ್ಯಾಬಿನ್ನಿನೊಳಗೆ ತಲೆ ಹಾಕಿ ನೋಡಿದ. ಗೇರು ನ್ಯೂಟ್ರಲ್‌ನಲ್ಲಿತ್ತು. ಸ್ಟಾಪ್ ವೈರು ಹೊರಗೆ ಎಳೆದ ಹಾಗೆಯೇ ಇತ್ತು. ಒಡೆದ ಟ್ಯಾಂಕಿನಿಂದ ಡೀಸೆಲ್ಲು ಬಂಡೆಯ ಮೇಲೆ ಹರಿದು ಹೋಗುತ್ತಿತ್ತು.

ಧಣಿಯ ಕಾರು ಬಂತು. ಮೂಗುದೊರೆ ಇಳಿದ, ಪೊಲೀಸಿನವನೊಬ್ಬ ಇಳಿದ, ಕೊನೆಗೆ ಧಣಿ ಇಳಿದ. ಟಾರ್ಪಾಲಿನ ಕಡೆ ನೋಡುವ ಮೊದಲೇ ಅವನು ಗೋಡೆಯ ಬಾಯಿಯಿಂದ ಕೆಳಗೆ ಬಗ್ಗಿ ನೋಡಿದ.

"ಟ್ಯಾಂಕ್ ಉಳಿದಿದೆಯೇನ್ರೋ?"

"ಒಡೆದಿದೆ ಧಣಿ."

"ಥೂ! ಬೆಳಿಗ್ಗೆ ತಾನೆ ತುಂಬಿಸಿದ್ದು." ಆಮೇಲೆ ಟಾರ್ಪಾಲಿನ ಹತ್ತಿರ ಬಂದ. ಮೂಗುದೊರೆಗೆ, "ಬಾಯಿ ಮೂಸಿ ನೋಡು," ಎಂದ.

ಮೂಗುದೊರೆಯೂ ಒಂದು ಹೆಜ್ಜೆ ಹಿಂದೆ ಸರಿದ. "ಧಣಿ... ಹೋಗಿಬಿಟ್ಟಿದಾನೆ."

"ಗೊತ್ತು. ಮೂಸು ಅಂದೆ."

ಮೂಗುದೊರೆ ಮಂಡಿಯೂರಿದ. ಸತ್ತವನ ಗಲ್ಲವನ್ನು ಎರಡು ಬೆರಳಿಂದ ಅದುಮಿ ಬಾಯಿ ತೆರೆದ. ಬಗ್ಗಿ ಮೂಸಿದ. ನೆರೆದಿದ್ದ ಆಳುಗಳಲ್ಲಿ ಒಬ್ಬ ಥೂ ಎಂದು ಉಗಿದು ಆಚೆ ತಿರುಗಿದ. ಮೂಗುದೊರೆ ತಲೆಯೆತ್ತಿ ಧಣಿಯ ಮುಖ ನೋಡಿದ. ಏನು ಹೇಳಬೇಕೆಂದು ಅಲ್ಲಿ ಹುಡುಕಿದ.

"ಕುಡಿದಿದಾನೆ ತಾನೆ?" ಎಂದ ಧಣಿ.

"ಹೂಂ ಧಣಿ. ಕುಡಿದಿದಾನೆ."

ಪೊಲೀಸಿನವನು ತಲೆಯಾಡಿಸಿದ. ನಿಧಾನಪ್ಪನ ಮೈಯೆಲ್ಲ ಉರಿದುಹೋಯಿತು. "ಸಾರ್, ಅವನು ಕುಡಿಯೋನೇ ಅಲ್ಲ! ಕೆಳಗಿಳಿದು ಗೇರ್ ನೋಡಿ. ನ್ಯೂಟ್ರಲ್‌ನಲ್ಲಿದೆ. ಸ್ಟಾಪ್ ವೈರ್ ಎಳೆದಿದೆ. ನಾಲ್ಕೂವರೆ ಕೊಡೋಕೆ ಇಂಜಿನ್ ಬಂದ್ ಮಾಡಿ ಇಳಿಸ್ತಿದ್ದ. ಬ್ರೇಕಿಗೆ ಗಾಳಿ ಇಲ್ದೆ ಸತ್ತ!"

"ಬಿದ್ದ ಏಟಿಗೆ ಗೇರು ಸರಿದಿರುತ್ತೆ," ಎಂದ ಪೊಲೀಸಿನವನು. "ವೈರೂ ಅಷ್ಟೇ."

ಧಣಿ ನಿಧಾನಪ್ಪನ ಹೆಗಲ ಮೇಲೆ ಕೈಯಿಟ್ಟ. "ಇಂಜಿನ್ ಬಂದ್ ಮಾಡು ಅಂತ ಯಾರು ಹೇಳಿದ್ರೋ ಅವನಿಗೆ? ನಾನು ಹೇಳಿದ್ನಾ? ನೀನು ಯಾವತ್ತಾದ್ರೂ ನನ್ನ ಬಾಯಲ್ಲಿ ಆ ಮಾತು ಕೇಳಿದೀಯಾ?"

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಧಣಿ ಕೈ ತೆಗೆದು ಕರವಸ್ತ್ರದಲ್ಲಿ ಒರೆಸಿಕೊಂಡ.

ಕುಡಿದು ಸತ್ತವನ ಮನೆಗೆ ಕಂಪನಿ ಏನೂ ಮಾಡುವ ಹಾಗಿಲ್ಲ ಎಂದು ಮಾರನೆಯ ದಿನ ಮೂಗುದೊರೆ ಬಂದು ಹೇಳಿಹೋದ. ತುಂಬಿದ ಬಸುರಿಯನ್ನು ತವರಿನವರು ಕರೆದುಕೊಂಡು ಹೋದರು. ನಿಧಾನಪ್ಪನ ಹೆಂಡತಿ ಅಳುವುದನ್ನು ನಿಲ್ಲಿಸಿದ ಮೇಲೆ ಗಂಡನನ್ನು ಒಂದೇ ಮಾತು ಕೇಳಿದಳು.

"ಗೇರ್ ಎಲ್ಲಿತ್ತು?"

"ನ್ಯೂಟ್ರಲ್‌ನಲ್ಲಿ."

ಅವಳು ದಬ್ಬಣ ಎತ್ತಿಕೊಂಡಳು. ಒಂದು ಹೊಲಿಗೆ ಹಾಕಿ, ಮತ್ತೆ ಕೆಳಗಿಟ್ಟಳು.

*

ರಾಕೆಟ್ ಹೋದ ಮೇಲೆ ಅಂಗಳದಲ್ಲಿ ನಾಲ್ಕೂವರೆ ಕೊಡುವವರು ಉಳಿಯಲಿಲ್ಲ. ಮೊಣಕೈ ತಿರುವನ್ನು ಕಣ್ಣಾರೆ ಕಂಡ ಡ್ರೈವರುಗಳು ಗೇರಲ್ಲೇ ಇಳಿಯತೊಡಗಿದರು. ಧಣಿಯ ಕಣ್ಣಿಗೆ ಎಲ್ಲರೂ ಒಟ್ಟಾಗಿ ಕಳ್ಳತನಕ್ಕೆ ಇಳಿದಂತೆ ಕಂಡಿತು.

"ನಾನೇ ಬರ್ತೀನಿ ಇವತ್ತು. ನಿನ್ನ ಪಕ್ಕದಲ್ಲೇ ಕೂತಿರ್ತೀನಿ," ಎಂದ ಧಣಿ, ನಿಧಾನಪ್ಪನಿಗೆ. "ನಾಲ್ಕು ಬಂತೋ, ಗಾಡಿ ನಿಂದು. ಬರಲಿಲ್ವೋ, ಸಂಜೆಗೆ ಗುಂಡೀಲಿರ್ತೀಯ."

ಮೂಗುದೊರೆ ಲೀಟರಿನ ಗೆರೆಗಳಿದ್ದ ಬಿಳಿ ಪ್ಲಾಸ್ಟಿಕ್ ಕ್ಯಾನೊಂದನ್ನು ತಂದು, ಡೀಸೆಲ್ ತುಂಬಿ, ಕ್ಯಾಬಿನ್ನಿನೊಳಗೆ ಸೀಟಿನ ಮೇಲಿಟ್ಟ. ಟ್ಯಾಂಕಿನ ಪೈಪು ಬಿಚ್ಚಿ, ಕ್ಯಾನಿನ ಪೈಪನ್ನು ನೆಲದ ತೂತಿನಿಂದ ಪಂಪಿಗೆ ಕೊಟ್ಟ. ಎಷ್ಟು ಇಳಿಯುತ್ತದೋ ಕಣ್ಣೆದುರಿಗೇ ಕಾಣಬೇಕು. ಧಣಿ ಹತ್ತಿ ಕೂತು ಕ್ಯಾನನ್ನು ತೊಡೆಯ ಪಕ್ಕಕ್ಕೆ ಎಳೆದುಕೊಂಡ. ಗೇಟಿನ ಹತ್ತಿರ ನಿಧಾನಪ್ಪನ ಹೆಂಡತಿ ಮಡಿಸಿದ ಟಾರ್ಪಾಲನ್ನು ಕಿಟಕಿಯಿಂದ ಒಳಗೆ ಕೊಡುತ್ತ, "ಗೇರಲ್ಲೇ ಇಳಿಸಿ," ಎಂದು ಮೆಲ್ಲಗೆ ಅಂದಳು. ನಿಧಾನಪ್ಪ ಟಾರ್ಪಾಲನ್ನು ಸೀಟಿನ ಹಿಂದೆ ತುರುಕಿ ಗಾಡಿ ಬಿಟ್ಟ.

ಹತ್ತುವ ದಾರಿಯುದ್ದಕ್ಕೂ ಧಣಿ ಕ್ಯಾನನ್ನೇ ನೋಡುತ್ತ ಬೈಯುತ್ತಿದ್ದ. ಮೇಲೆ ಕ್ವಾರಿಯಲ್ಲಿ ಕಲ್ಲು ತುಂಬಿದರು. ಇಳಿಯುವಾಗ ನಿಧಾನಪ್ಪ ಎರಡನೇ ಗೇರು ಹಾಕಿದ. ಇಂಜಿನ್ ಗುಡುಗುತ್ತ ಗಾಡಿಯನ್ನು ಹಿಂದಕ್ಕೆ ಹಿಡಿದುಕೊಂಡಿತು. ಇಳಿಜಾರು ತುಸು ಸಡಿಲಾದಲ್ಲೆಲ್ಲ ಆಕ್ಸಿಲರೇಟರ್ ಒತ್ತಬೇಕಾಗುತ್ತಿತ್ತು, ಕ್ಯಾನಿನಲ್ಲಿ ಡೀಸೆಲ್ ಗೆರೆಯಿಂದ ಗೆರೆಗೆ ಕೆಳಗೆ ಜಾರುತ್ತಿತ್ತು.

"ಇಳಿಯೋಕೂ ಕುಡಿಸ್ತೀಯಲ್ಲೋ ಹಲ್ಕಾ! ನಿನ್ನ ಭಾವಮೈದ ಹೆಂಗೆ ಇಳಿಸ್ತಿದ್ದ? ಹಂಗೆ ಇಳಿಸು."

ನಿಧಾನಪ್ಪ ತಿರುಗಿ ನೋಡಿದ. "ಹಂಗೇನಾ ಧಣಿ?"

"ಕಿವಿ ಕೆಪ್ಪಾ? ಅವನು ಇಳಿಸ್ತಿದ್ದ ಹಂಗೇ ಇಳಿಸು ಅಂದೆ."

ಅವನು ಗೇರನ್ನು ನ್ಯೂಟ್ರಲ್‌ಗೆ ಎಳೆದ. ಸ್ಟಾಪ್ ವೈರ್ ಎಳೆದ. ಇಂಜಿನ್ ಒಮ್ಮೆ ಕೊಡವಿಕೊಂಡು ನಿಂತಿತು. ಆಮೇಲೆ ಟಯರಿನ ಸದ್ದು, ಗಾಳಿಯ ಸದ್ದು, ಹಿಂದೆ ಕಲ್ಲುಗಳು ಕದಲುವ ಸದ್ದು, ಇಷ್ಟೇ.

"ಆಹಾ!" ಎಂದ ಧಣಿ. ಕ್ಯಾನಿನ ಮೇಲೆ ಬೆರಳಿಟ್ಟು ನೋಡಿದ. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ? ಕೊಡೋಕಾಗಲ್ಲ ಅಂತ ನಾಟಕ ಆಡ್ತಿದ್ಯಲ್ಲ."

ಮೊದಲ ತಿರುವು. ನಿಧಾನಪ್ಪ ಬ್ರೇಕ್ ತುಳಿದ. ಬುಸ್ಸೆಂದು ಗಾಳಿ ಹೋಯಿತು. ಗಾಳಿ ತೋರಿಸುವ ಡಯಲಿನ ಮುಳ್ಳು ಕೆಳಗಿಳಿಯಿತು. ಒಂದು ತಿರುವು ಹೆದರಿಸಿ ಗೇರು ಹಾಕಿಬಿಡೋಣ ಎಂದೇ ಅವನು ಅಂದುಕೊಂಡಿದ್ದ. ಹೆಂಡತಿಯ ಆಣೆ ನೆನಪಿತ್ತು. ಕೈ ಗೇರಿನ ಮೇಲೆಯೇ ಇತ್ತು.

"ಧಣಿ, ಒಂದು ಮಾತು. ನನ್ನ ಭಾವಮೈದ ಅವತ್ತು ಕುಡಿದಿದ್ನಾ?"

"ಕುಡಿದಿದ್ದ ಕಣೋ! ಪೊಲೀಸ್ನೋರೇ ಬರೆದಿದಾರೆ. ಎಷ್ಟು ಸಲ ಕೇಳ್ತೀಯ? ಕುಡುಕ ನನ್ಮಗ, ನನ್ನ ಗಾಡಿ ಹಾಳು ಮಾಡಿ ಹೋದ."

ನಿಧಾನಪ್ಪ ಗೇರಿನಿಂದ ಕೈ ತೆಗೆದು ಸ್ಟೇರಿಂಗಿಗೆ ತಂದ.

ಎರಡನೇ ತಿರುವಿನಲ್ಲಿ ಧಣಿ ಬಾಗಿಲಿಗೆ ಅಪ್ಪಳಿಸಿದ. "ಏಯ್, ಜೋರಾಯ್ತು. ತುಳಿ!" ನಿಧಾನಪ್ಪ ತುಳಿದ. ಮುಳ್ಳು ಮತ್ತೆ ಇಳಿಯಿತು. ಮೂರನೆಯ ತಿರುವಿನಲ್ಲಿ ಒಳಗಡೆಯ ಗಾಲಿಗಳು ನೆಲ ಬಿಟ್ಟು ಮತ್ತೆ ಕೂತವು. ಸುಟ್ಟ ವಾಸನೆ ಕ್ಯಾಬಿನ್ನಿಗೆ ಬಂತು.

"ಬ್ರೇಕ್ ಹಾಕೋ! ಏನ್ ಮಾಡ್ತಿದೀಯ?"

"ಬ್ರೇಕಿಗೆ ಗಾಳಿ ಬೇಕು ಧಣಿ. ಗಾಳಿಗೆ ಇಂಜಿನ್ ತಿರುಗ್ಬೇಕು. ಇಂಜಿನ್ ತಿರುಗೋಕೆ ಡೀಸೆಲ್ ಬೇಕು. ಉಳಿಸ್ತಾ ಇದೀವಲ್ಲ?"

ಧಣಿಯ ಮುಖ ಬಟ್ಟೆಯಷ್ಟೇ ಬಿಳಿಯಾಯಿತು. ಅವನೇ ಬಗ್ಗಿ ಎರಡೂ ಕೈಯಿಂದ ಗೇರ್ ಕಡ್ಡಿ ಹಿಡಿದು ಎಳೆದ. ಒಳಗೆ ಹಲ್ಲುಗಳು ಕರಕರ ಎಂದು ಕಿರುಚಿದವು. ಕಡ್ಡಿ ಅವನ ಕೈಯನ್ನು ಒದರಿ ಹಾಕಿತು.

"ಈ ಸ್ಪೀಡಲ್ಲಿ ಹೋಗಲ್ಲ," ಎಂದ ನಿಧಾನಪ್ಪ. "ಅವನೂ ಎಳೆದು ನೋಡಿರ್ತಾನೆ."

"ನಿನ್ನ ಕಾಲಿಗೆ ಬೀಳ್ತೀನಿ ಕಣೋ! ಸೀಲ್ ಹಾಕಿಸ್ತೀನಿ! ಎಲ್ಲಾ ಗಾಡಿಗೂ ಹಾಕಿಸ್ತೀನಿ!"

"ಅವನು ಕುಡಿದಿದ್ನಾ?"

"ಇಲ್ಲ! ಇಲ್ಲ ಕಣೋ, ಕುಡಿದಿರ್ಲಿಲ್ಲ! ನ್ಯೂಟ್ರಲ್ ಹೊಡೀತಾನೆ ಅಂತ ನಂಗೆ ಗೊತ್ತಿತ್ತು. ನಾಲ್ಕೂವರೆ ಬರೋಕೆ ಬೇರೆ ದಾರಿ ಇಲ್ಲ ಅಂತ ಗೊತ್ತಿತ್ತು. ನಿಲ್ಲಿಸೋ ಮಾರಾಯ, ನಿಲ್ಲಿಸು!"

ನಿಧಾನಪ್ಪ ಬ್ರೇಕ್ ತುಳಿದ. ಈ ಸಲ ಬುಸ್ಸೆನ್ನಲಿಲ್ಲ. ಪೆಡಲು ಸುಮ್ಮನೆ ನೆಲಕ್ಕೆ ಹೋಗಿ ಕೂತಿತು. ಹ್ಯಾಂಡ್‌ಬ್ರೇಕ್ ಎಳೆದ, ಲೋಡ್ ಗಾಡಿ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಇಂಜಿನ್ ನಿಂತದ್ದರಿಂದ ಸ್ಟೇರಿಂಗ್ ಬಂಡೆಯಂತಾಗಿತ್ತು. ಎರಡೂ ತೋಳಿನ ಬಲ ಹಾಕಿ ಹಿಡಿದುಕೊಂಡ. ಅವನಿಗೆ ಭಯವಾಗುತ್ತಿತ್ತು. ಹೆಂಡತಿಯ ನೆನಪಾಯಿತು. ಕೆಳಗೆ ಮೊಣಕೈ ತಿರುವು ಕಾಣುತ್ತಿತ್ತು. ಗೋಡೆ ಬಿದ್ದ ಜಾಗಕ್ಕೆ ಯಾರೋ ಎರಡು ಖಾಲಿ ಡ್ರಮ್ಮು ಇಟ್ಟು ಹಗ್ಗ ಕಟ್ಟಿದ್ದರು.

ಧಣಿ ಕ್ಯಾನನ್ನು ಎರಡೂ ಕೈಯಿಂದ ಅಪ್ಪಿಕೊಂಡು ಕಣ್ಣು ಮುಚ್ಚಿದ್ದ. ಪೈಪು ಕಿತ್ತು ಬಂದು ಅವನ ಬಿಳಿ ಪ್ಯಾಂಟಿನ ಮೇಲೆ ಒಂದಿಷ್ಟು ಚೆಲ್ಲಿತ್ತು.

"ಕಣ್ಣು ಬಿಡಿ ಧಣಿ," ಎಂದ ನಿಧಾನಪ್ಪ. "ಕ್ಯಾನು ನೋಡಿ. ನಿಮ್ಮ ಪ್ಯಾಂಟು ಕುಡಿದಿದ್ದು ಬಿಟ್ರೆ, ಆವಾಗಿಂದ ಗಾಡಿ ಒಂದು ತೊಟ್ಟೂ ಕುಡಿದಿಲ್ಲ."